ಮೇಷ್ಟ್ರ ಗಾಲ್ಫ್, ಮೇಷ್ಟ್ರ ಗಣಿತ: ಒಂದು ನೆನಪಿನ ಪುಸ್ತಿಕೆ ಸಿದ್ಧವಾದ ಬಗೆ

ಮಡಿಕೇರಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ, ಮಳೆಗಾಲವೊಂದನ್ನು ಬಿಟ್ಟರೆ ಉಳಿದ ದಿನಗಳಲ್ಲಿ ಬೆಳಗಿನ ಇಬ್ಬನಿ ಆರುವ ಮೊದಲೇ ಗಾಲ್ಫ್ ಮೈದಾನದಲ್ಲಿ ಕಾಣಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ನಮ್ಮ ತಾತನ ಕಾಲದಿಂದಲೂ ನಮ್ಮ ಮನೆಗೆ ಬೇಕಾದವರಾಗಿದ್ದರು. ಅವರ ಪತ್ನಿಯನ್ನು ನಾನು ಚಿಕ್ಕಂದಿನಿಂದ ಅತ್ತೆ ಎಂದು ಕರೆಯುತ್ತ ಬಂದಿದ್ದರೂ ಅವರನ್ನು ಮಾವ ಎನ್ನುವ ಧೈರ್ಯ ನಮ್ಮ ಮನೆಯ ಯಾವ ಮಕ್ಕಳಿಗೂ ಬರಲಿಲ್ಲ. ಊರಿಗೆಲ್ಲ ಅವರು ಮೇಷ್ಟ್ರು, ನಮಗೂ ಮೇಷ್ಟ್ರೇ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಅವರು ತೀರಿಕೊಂಡಾಗ ದೂರದ ಊರುಗಳಲ್ಲಿದ್ದ ಶಿಷ್ಯರಲ್ಲಿ ಹೆಚ್ಚಿನವರಿಗೆ ಬರಲಾಗಲಿಲ್ಲ. ಆದ್ದರಿಂದ ಕಾಫಿ ಕೊಯ್ಲು ಮುಗಿದು ಶಾಲೆಗಳಿಗೆ ರಜೆ ಬಿಟ್ಟ ಮೇಲೆ ಎಲ್ಲರನ್ನೂ ಕರೆದು ಒಂದು ಸಭೆ ನಡೆಸಬೇಕು, ಬಂದವರ ಕೈಗೆ ಒಂದು ಸಣ್ಣ ಪುಸ್ತಿಕೆ ಕೊಡಬೇಕು ಎಂದು ಅತ್ತೆ ನಿಶ್ಚಯಿಸಿದರು. ಪುಸ್ತಿಕೆಯ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡಿದೆವು, ಮಾಡುತ್ತ ಮಾಡುತ್ತ ಅವರ ಬಗ್ಗೆ ನಮಗೆ ಏನೇನು ತಿಳಿಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅತ್ತೆ ಹಾಕಿದ್ದು ಒಂದೇ ಷರತ್ತು. "ಹೊಗಳಿ ಬರೆಯಬೇಡ ಮಗಾ. ಅವರೇ ಓದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪುರಾವೆ ಎಲ್ಲಿ ಎಂದು ಪಕ್ಕದಲ್ಲಿ ಬರೆಯುತ್ತಿದ್ದರು" ಎಂದರು. ಈ ಷರತ್ತು ನನಗೂ ಒಪ್ಪಿಗೆಯೇ ಆಗಿತ್ತು. ನಮ್ಮಲ್ಲಿ ಹಂಚುವ ಸ್ಮರಣ ಪುಸ್ತಿಕೆಗಳಲ್ಲಿ ಸರಳತೆ, ಸಜ್ಜನಿಕೆ, ಶಿಸ್ತು, ಸಮಯಪಾಲನೆ ಮುಂತಾದ ಮಾತುಗಳು ಎಷ್ಟು ತುಂಬಿರುತ್ತವೆಂದರೆ, ಒಬ್ಬರ ಫೋಟೊ ತೆಗೆದು ಇನ್ನೊಬ್ಬರದನ್ನು ಅಂಟಿಸಿದರೂ ಒಂದು ಸಾಲನ್ನೂ ಬದಲಾಯಿಸಬೇಕಾಗುವುದಿಲ್ಲ. ಹಾಗಾಗಿ ಯಾರಾದರೂ ಕಣ್ಣಾರೆ ಕಂಡದ್ದು ಅಥವಾ ಕಾಗದದ ಮೇಲೆ ಬರಹದಲ್ಲಿರುವುದು, ಇವೆರಡನ್ನು ಬಿಟ್ಟು ಬೇರೇನನ್ನೂ ಸೇರಿಸಬಾರದೆಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು.

ಕಾಗದಕ್ಕೆ ಆ ಮನೆಯಲ್ಲಿ ಕೊರತೆಯಿರಲಿಲ್ಲ. ಮೇಷ್ಟ್ರು ತಾವು ಆಡಿದ ಪ್ರತಿಯೊಂದು ಸುತ್ತಿನ ಸ್ಕೋರ್ ಕಾರ್ಡನ್ನೂ ತಗಡಿನ ಟ್ರಂಕಿನಲ್ಲಿ ವರ್ಷವಾರು ಕಟ್ಟು ಕಟ್ಟಿ ಇಟ್ಟಿದ್ದರು. ಅದರ ಕೆಳಗೆ ಶಾಲೆಯ ಟಿಪ್ಪಣಿ ಪುಸ್ತಕಗಳೂ ಹಳೆಯ ಪತ್ರಗಳೂ ಇದ್ದವು. ಆದರೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಟ್ರಂಕಿನೊಳಗಿನ ಕಾಗದ ಹೇಗಿರುತ್ತದೆ ಎಂಬುದನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಕಟ್ಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬೂಷ್ಟು ಹಿಡಿದಿತ್ತು, ಗುಂಡುಸೂಜಿಗಳು ತುಕ್ಕು ಬಿಟ್ಟು ಕಾಗದವನ್ನು ಕಂದು ಮಾಡಿದ್ದವು. ಆ ತೇವದಲ್ಲಿ ಬಿಡಿಸಹೋದರೆ ಹರಿದುಹೋಗುವುದು ಖಂಡಿತವಾದ್ದರಿಂದ ಹುತ್ತರಿ ಹಬ್ಬ ಕಳೆದು ಗಾಳಿ ಒಣಗುವವರೆಗೆ ಟ್ರಂಕಿಗೆ ಕೈ ಹಚ್ಚಲಿಲ್ಲ.

ಡಿಸೆಂಬರ್‌ನಲ್ಲಿ ಕಣದ ತುಂಬ ಕಾಫಿ ಹರಡಿದ್ದಾಗ ಜಗಲಿಯ ನೆರಳಿನಲ್ಲಿ ಹಳೆಯ ಪತ್ರಿಕೆಗಳ ಮೇಲೆ ಕಾರ್ಡುಗಳನ್ನು ಹರಡಿದೆವು. ನೇರ ಬಿಸಿಲಿಗಿಟ್ಟರೆ ಕಾಗದ ಸುರುಟಿ ಬಿರುಸಾಗುತ್ತದೆ. ಇಸ್ತ್ರಿಪೆಟ್ಟಿಗೆ ಒತ್ತಿದರೆ ಬೂಷ್ಟಿನ ಕಲೆ ಕಾಗದದೊಳಕ್ಕೇ ಇಳಿಯುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬಣ್ಣದ ಕುಂಚದಿಂದ ಮಧ್ಯದಿಂದ ಅಂಚಿನ ಕಡೆಗೆ ಬೂಷ್ಟನ್ನು ಸರಿಸಿ, ಪ್ರತಿ ಎರಡು ಕಾರ್ಡುಗಳ ನಡುವೆ ಒಂದು ಒಣ ಹಾಳೆಯಿಟ್ಟು, ಮೇಲೆ ಹಲಗೆಯ ಭಾರ ಹೇರಿದೆವು. ಬೇಸರದ ಕೆಲಸ ಹೌದು. ಆದರೆ ಇದನ್ನು ಅವಸರದಲ್ಲಿ ಮಾಡಿದ್ದರೆ ಪುಸ್ತಿಕೆಗೆ ಏನೂ ಉಳಿಯುತ್ತಿರಲಿಲ್ಲ. ಶಾಯಿಯಲ್ಲಿ ಬರೆದ ಪತ್ರಗಳಲ್ಲಿ ಅನೇಕವು ನೀಲಿ ಮೋಡಗಳಾಗಿಬಿಟ್ಟಿದ್ದವು. ಕಾರ್ಡುಗಳು ಮಾತ್ರ ಬಹುತೇಕ ಓದುವಂತಿದ್ದವು, ಏಕೆಂದರೆ ಗಾಲ್ಫ್ ಆಡುವವರು ಅಂಕಗಳನ್ನು ಬರೆಯುವುದು ಪೆನ್ಸಿಲಿನಲ್ಲಿ, ಮತ್ತು ಪೆನ್ಸಿಲಿನ ಸೀಸ ನೀರಿಗೆ ಹರಡುವುದೂ ಇಲ್ಲ, ಬೆಳಕಿಗೆ ಮಾಸುವುದೂ ಇಲ್ಲ.

ಮೇಷ್ಟ್ರೊಬ್ಬರು ಗಾಲ್ಫ್ ಆಡುತ್ತಿದ್ದರೆಂದರೆ ಇಂದಿಗೂ ಹುಬ್ಬೇರಿಸುವವರು ಇದ್ದಾರೆ. ಕೊಡಗಿನಲ್ಲಿ ಆಟವೆಂದರೆ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ ನಡೆಯುವ ದಿನಗಳಲ್ಲಿ ಇಲ್ಲಿ ಬೇರೆ ಸಭೆ ಸಮಾರಂಭ ಇಟ್ಟುಕೊಂಡರೆ ಕುರ್ಚಿಗಳಷ್ಟೇ ಉಳಿಯುತ್ತವೆ. ನಮ್ಮ ಸಭೆಗೂ ಆ ಪಂದ್ಯಗಳ ಪಟ್ಟಿ ನೋಡಿಯೇ ದಿನ ಗೊತ್ತು ಮಾಡಿದ್ದು. ಗಾಲ್ಫ್ ಮಾತ್ರ ದೊರೆಗಳ ಆಟ, ತೋಟದ ಮಾಲೀಕರ ಮತ್ತು ನಿವೃತ್ತ ಸೇನಾಧಿಕಾರಿಗಳ ಆಟ ಎಂಬ ಮಾತು ಹಿಂದಿನಿಂದಲೂ ಇದೆ, ಅದರಲ್ಲಿ ಸುಳ್ಳೂ ಇಲ್ಲ. ಬ್ರಿಟಿಷರು ತಾವು ಹೋದೆಡೆಗೆಲ್ಲ ಈ ಆಟವನ್ನು ಒಯ್ದರು: ಕಲ್ಕತ್ತೆಯ ಕ್ಲಬ್ 1829ರದ್ದು, ಬೆಂಗಳೂರಿನದು 1876ರದ್ದು. 1834ರಲ್ಲಿ ಕೊಡಗು ಅವರ ಕೈಸೇರಿದ ಮೇಲೆ ಕಾಫಿ ತೋಟಗಳು ಬೆಳೆದಂತೆ ಅವರ ಆಟವೂ ಬೆಟ್ಟ ಹತ್ತಿತು. ಇಂದು ಮಡಿಕೇರಿಯಲ್ಲಿ, ವಿರಾಜಪೇಟೆಯ ಬಳಿ ಬಿಟ್ಟಂಗಾಲದಲ್ಲಿ, ಪಾಲಿಬೆಟ್ಟದ ಕಾಫಿ ತೋಟಗಳ ನಡುವೆ ಗಾಲ್ಫ್ ಮೈದಾನಗಳಿವೆ.

ಮೇಷ್ಟ್ರು ಈ ಆಟಕ್ಕೆ ಬಂದದ್ದು ಮುಂಬಾಗಿಲಿನಿಂದಲ್ಲ. ಅವರ ತಂದೆ ತೋಟವೊಂದರಲ್ಲಿ ರೈಟರ್, ಅಂದರೆ ಗುಮಾಸ್ತರು, ಆಗಿದ್ದರು; ಹುಡುಗ ರಜೆಯ ದಿನಗಳಲ್ಲಿ ದೊರೆಗಳ ಚೀಲ ಹೊತ್ತು, ಕಾಫಿ ಗಿಡಗಳ ಬುಡದಲ್ಲಿ ಕಳೆದುಹೋದ ಚೆಂಡು ಹುಡುಕಿಕೊಟ್ಟು ಚಿಲ್ಲರೆ ಸಂಪಾದಿಸುತ್ತಿದ್ದ. ಮುಂದೆ ಶಿಕ್ಷಕರಾಗಿ ಸಂಬಳ ಬರತೊಡಗಿದ ಮೇಲೆ ನಿವೃತ್ತ ಸೇನಾಧಿಕಾರಿಯೊಬ್ಬರಿಂದ ಹಳೆಯ ಅರ್ಧ ಸೆಟ್ ಕೊಂಡರು. ನಿಯಮದ ಪ್ರಕಾರ ಒಬ್ಬ ಆಟಗಾರ ಗರಿಷ್ಠ 14 ಕ್ಲಬ್‌ಗಳನ್ನು, ಅಂದರೆ ಚೆಂಡು ಹೊಡೆಯುವ ಕೋಲುಗಳನ್ನು, ಒಯ್ಯಬಹುದು. ಮೇಷ್ಟ್ರ ಬಳಿ ಇದ್ದದ್ದು ಅದರ ಅರ್ಧ. ಆ ಅಧಿಕಾರಿಯೇ ಮುಂದೆ ವರ್ಷಗಟ್ಟಲೆ ಅವರ ಜೊತೆ ಆಡಿದರು ಎಂಬುದು ಕಾರ್ಡುಗಳ ಕೆಳಗಿನ ಸಹಿಗಳಿಂದ ನಮಗೆ ತಿಳಿಯಿತು.

ಈ ಸಹಿಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಲ್ಫ್‌ನ ಸಾಮಾನ್ಯ ಸುತ್ತಿನಲ್ಲಿ ಹಿಂದೆ ಹಿಂದೆ ಓಡುವ ಅಂಪೈರ್ ಇರುವುದಿಲ್ಲ. ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗಳಿಗೆ ಹಾಕಿದವನೇ ಗೆಲ್ಲುವ ಈ ಆಟದಲ್ಲಿ ಆಟಗಾರ ತನ್ನ ಹೊಡೆತಗಳನ್ನು ತಾನೇ ಎಣಿಸಬೇಕು. ಜೊತೆಗಾರನೊಬ್ಬ ಮಾರ್ಕರ್ ಆಗಿ ಅದನ್ನು ಕಾರ್ಡಿನಲ್ಲಿ ಬರೆಯಬೇಕು. ಕೊನೆಗೆ ಇಬ್ಬರೂ ಸಹಿ ಮಾಡಬೇಕು. ಯಾವುದಾದರೂ ಕುಳಿಗೆ ನಿಜವಾಗಿ ಹೊಡೆದದ್ದಕ್ಕಿಂತ ಕಡಿಮೆ ಸಂಖ್ಯೆ ಬರೆದ ಕಾರ್ಡಿಗೆ ಸಹಿ ಹಾಕಿದರೆ ಆಟಗಾರ ಸ್ಪರ್ಧೆಯಿಂದಲೇ ಹೊರಗೆ. ಹೆಚ್ಚು ಬರೆದಿದ್ದರೆ ಆ ಹೆಚ್ಚಿನ ಸಂಖ್ಯೆಯೇ ಖಾಯಂ. ಆದರೆ ಒಟ್ಟು ಕೂಡುವ ಹೊಣೆ ಆಟಗಾರನದಲ್ಲ, ಸ್ಪರ್ಧಾ ಸಮಿತಿಯದು. "ಕೂಡಿಸುವುದು ಗುಮಾಸ್ತನ ಕೆಲಸ, ಎಣಿಸುವುದು ನಿನ್ನ ಕೆಲಸ" ಎಂದು ಮೇಷ್ಟ್ರು ತರಗತಿಯಲ್ಲಿ ಹೇಳುತ್ತಿದ್ದುದು ಎಲ್ಲಿಂದ ಬಂತೆಂದು ಅವರ ಶಿಷ್ಯರಲ್ಲಿ ಅನೇಕರಿಗೆ ಪುಸ್ತಿಕೆ ಓದಿದ ಮೇಲೆಯೇ ಗೊತ್ತಾದದ್ದು.

ಕಾರ್ಡುಗಳನ್ನು ಓದುವ ಕೆಲಸದಲ್ಲಿ ನನಗೆ ನೆರವಾದವರು ಮೇಷ್ಟ್ರ ಚೀಲವನ್ನು ಬಹುಕಾಲ ಹೊತ್ತಿದ್ದ ಹಿರಿಯ ಕ್ಯಾಡಿ. ಅಂಚಿನಲ್ಲಿ ಪುಟ್ಟ ಅಕ್ಷರಗಳಲ್ಲಿ ಬರೆದ ಟಿಪ್ಪಣಿಗಳನ್ನು ನಾನು ಓದಿ ಹೇಳಿದರೆ, ಅವರು ಆ ದಿನದ ಗಾಳಿ, ಮಂಜು, ಚೆಂಡು ಬಿದ್ದ ಜಾಗಗಳನ್ನು ನೆನಪಿಸಿಕೊಂಡು ಹೇಳುತ್ತಿದ್ದರು. ಜೂನ್ ಮೊದಲ ವಾರದ ಕಾರ್ಡುಗಳಲ್ಲಿ "ನಿಂತ ನೀರು" ಎಂಬ ಟಿಪ್ಪಣಿ ಪದೇ ಪದೇ ಬರುತ್ತದೆ: ಮಳೆಯ ನೀರು ತಾತ್ಕಾಲಿಕವಾಗಿ ನಿಂತ ಜಾಗದಲ್ಲಿ ಚೆಂಡು ಬಿದ್ದರೆ ದಂಡವಿಲ್ಲದೆ ಒಣ ಜಾಗಕ್ಕೆ ತೆಗೆದುಕೊಳ್ಳಲು ನಿಯಮ ಅವಕಾಶ ಕೊಡುತ್ತದೆ. ಕೊಡಗಿನಲ್ಲಿ ಆಡುವವರಿಗೆ ಇದಕ್ಕಿಂತ ಹೆಚ್ಚು ಬಳಕೆಗೆ ಬರುವ ನಿಯಮ ಇನ್ನೊಂದಿರಲಾರದು. ಅದಾದ ಮೇಲೆ ಸೆಪ್ಟೆಂಬರ್ ಕೊನೆಯವರೆಗೆ ಕಾರ್ಡುಗಳೇ ಇಲ್ಲ. ಆ ತಿಂಗಳುಗಳಲ್ಲಿ ಜಿಗಣೆಗಳು ಆಡುತ್ತಿದ್ದವು ಎಂದು ಕ್ಯಾಡಿ ನಕ್ಕರು.

"ಅಲುಗಿತು, +1" ಎಂಬ ಟಿಪ್ಪಣಿ ಇನ್ನೊಂದು. ಹೊಡೆಯಲು ಸಿದ್ಧವಾಗುವಾಗ ಆಟಗಾರನ ಕಾರಣದಿಂದ ಚೆಂಡು ಕದಲಿದರೆ ಒಂದು ಹೊಡೆತದ ದಂಡ. ಇಂಥದ್ದು ಸಾಮಾನ್ಯವಾಗಿ ಆಟಗಾರನೊಬ್ಬನಿಗೇ ಕಾಣುತ್ತದೆ. ಅಮೆರಿಕದ ಬಾಬಿ ಜೋನ್ಸ್ 1925ರ ಯು.ಎಸ್. ಓಪನ್‌ನಲ್ಲಿ ಬೇರೆ ಯಾರೂ ನೋಡದ ಇಂಥ ಕದಲಿಕೆಗೆ ತಾನೇ ದಂಡ ಹೇರಿಕೊಂಡು, ಕೊನೆಗೆ ಸರಿಸಮನಾಗಿ ಮುಗಿಸಿ, ಪ್ಲೇಆಫ್‌ನಲ್ಲಿ ಸೋತರು. ಆ ದಂಡವಿಲ್ಲದಿದ್ದರೆ ನಾಲ್ಕು ಸುತ್ತುಗಳಲ್ಲೇ ಗೆದ್ದಿರುತ್ತಿದ್ದರು. ಮೇಷ್ಟ್ರ +1ಗಳಿಗೆ ಅಂಥ ಬೆಲೆಯೇನೂ ಇರಲಿಲ್ಲ, ಸೋತರೆ ಒಂದು ಕಾಫಿ ಕೊಡಿಸಬೇಕಾಗಿತ್ತು ಅಷ್ಟೆ. "ನಾವ್ಯಾರೂ ನೋಡಿರ್ತಿರಲಿಲ್ಲ ಸಾರ್. ಅವರೇ ನಿಂತು, ಎಲ್ಲರನ್ನೂ ಕರೆದು ಹೇಳೋರು. ಆಟ ನಿಂತುಬಿಡೋದು, ನಮಗೆ ಸಿಟ್ಟು ಬರೋದು" ಎಂದರು ಕ್ಯಾಡಿ. ಈ ಸಿಟ್ಟಿನ ಮಾತನ್ನು ನಾನು ಪುಸ್ತಿಕೆಯಲ್ಲಿ ಹಾಗೆಯೇ ಇಟ್ಟೆ. ಪ್ರಾಮಾಣಿಕತೆ ಜೊತೆಯಲ್ಲಿದ್ದವರಿಗೆ ಕೆಲವೊಮ್ಮೆ ಕಿರಿಕಿರಿಯೂ ಆಗುತ್ತದೆ. ಅದನ್ನು ತೆಗೆದುಹಾಕಿದರೆ ಮನುಷ್ಯ ಹೋಗಿ ಕ್ಯಾಲೆಂಡರಿನ ಚಿತ್ರ ಉಳಿಯುತ್ತದೆ. 2019ರಲ್ಲಿ ನಿಯಮಗಳು ಬದಲಾಗಿ, ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಆಕಸ್ಮಿಕವಾಗಿ ಚೆಂಡು ಕದಲಿದರೆ ದಂಡವಿಲ್ಲ ಎಂದಾಯಿತು, ಕಳೆದ ಚೆಂಡನ್ನು ಹುಡುಕುವ ಸಮಯವೂ ಐದು ನಿಮಿಷದಿಂದ ಮೂರಕ್ಕಿಳಿಯಿತು. ಆ ವರ್ಷದ ಒಂದು ಕಾರ್ಡಿನಲ್ಲಿ "ಅಲುಗಿತು. ಈಗ ದಂಡವಿಲ್ಲವಂತೆ" ಎಂದು ಬರೆದಿದ್ದಾರೆ. ಆ "ಅಂತೆ"ಯಲ್ಲಿ ಅವರ ಅಸಮಾಧಾನ ನನಗೆ ಕೇಳಿಸಿತು.

ಅವರು ದೊಡ್ಡ ಆಟಗಾರರೇನಾಗಿರಲಿಲ್ಲ. ನುರಿತ ಆಟಗಾರನಿಗೆ ಒಂದು ಸುತ್ತಿಗೆ ಬೇಕಾಗುವ ಹೊಡೆತಗಳು, ಅಂದರೆ ಪಾರ್, 72 ಎಂಬ ಲೆಕ್ಕದಲ್ಲಿ ಅವರ ಬಹಳಷ್ಟು ಕಾರ್ಡುಗಳು 88ರಿಂದ 95ರೊಳಗೆ ಸುಳಿದಾಡುತ್ತವೆ. ಎಂಬತ್ತರ ಒಳಗೆ ಒಮ್ಮೆ ಆಡಿದ್ದೇನೆ ಎಂದು ಅವರು ಮನೆಯಲ್ಲಿ ಹೇಳುತ್ತಿದ್ದುದನ್ನು ಅತ್ತೆ ಅರ್ಧ ನಂಬಿದ್ದರು. ಕಾರ್ಡು ಸಿಕ್ಕಿತು: 79, ಮಾರ್ಕರ್ ಸಹಿಯೊಂದಿಗೆ. ಹಿಂಬದಿಯಲ್ಲಿ ಅವರದೇ ಅಕ್ಷರ: "ಇದರಲ್ಲಿ ಒಂದು ಹೊಡೆತ ಸಿಲ್ವರ್ ಮರದ್ದು." ತೋಟದ ಕಡೆಗೆ ಹಾರಿದ ಚೆಂಡು ಸಿಲ್ವರ್ ಓಕ್ ಮರಕ್ಕೆ ಬಡಿದು ಗ್ರೀನ್ ಪಕ್ಕಕ್ಕೆ ಬಂದು ಬಿದ್ದಿತ್ತಂತೆ. ಅತ್ತೆ ಆ ಕಾರ್ಡನ್ನು ಪುಸ್ತಿಕೆಯ ರಕ್ಷಾಪುಟಕ್ಕೆ ಆರಿಸಿದರು, ಮುಂಬದಿಯನ್ನಲ್ಲ, ಹಿಂಬದಿಯನ್ನು.

ಶಿಷ್ಯರನ್ನು ಸಂಪರ್ಕಿಸುವುದು ಮುಂದಿನ ಹಂತ. ಪತ್ರ ಬರೆಯಿರಿ ಎಂದು ಕೇಳಿದವರಿಂದ ಬಂದವುಗಳಲ್ಲಿ ಹೆಚ್ಚಿನವು ಮತ್ತದೇ ಸರಳತೆ, ಸಜ್ಜನಿಕೆ. ಆಮೇಲೆ ಕೇಳುವ ಕ್ರಮವನ್ನೇ ಬದಲಿಸಿ, ಫೋನ್ ಮಾಡಿ "ಅವರ ತರಗತಿಯಲ್ಲಿ ನೀವು ಎಲ್ಲಿ ಕೂರುತ್ತಿದ್ದಿರಿ, ಶನಿವಾರ ಏನಾಗುತ್ತಿತ್ತು" ಎಂದಷ್ಟೇ ಕೇಳತೊಡಗಿದೆ. ಯಾರ ಬಗ್ಗೆಯಾದರೂ ನೆನಪುಗಳನ್ನು ಸಂಗ್ರಹಿಸುವವರಿಗೆ ನಾನು ಕೊಡಬಹುದಾದ ಸಲಹೆ ಇದೊಂದೇ: ಅಭಿಪ್ರಾಯ ಕೇಳಬೇಡಿ, ಜಾಗ ಮತ್ತು ವಾರ ಕೇಳಿ. ಶನಿವಾರದ ಹೆಸರೆತ್ತಿದ ಕೂಡಲೇ ಮೈಸೂರಿನ ಬ್ಯಾಂಕಿನಲ್ಲಿರುವವರೂ, ಮಡಿಕೇರಿಯಲ್ಲಿ ಪ್ರವಾಸಿಗರ ಜೀಪು ಓಡಿಸುವವರೂ ಒಂದೇ ಸಂಗತಿಯನ್ನು ಹೇಳಿದರು. ಅದು ಹದಿನೆಂಟು ಲೆಕ್ಕಗಳ ಪರೀಕ್ಷೆ.

ಗಾಲ್ಫ್‌ನ ಒಂದು ಸುತ್ತಿಗೆ 18 ಕುಳಿಗಳಿರುವಂತೆ ಮೇಷ್ಟ್ರು ಶನಿವಾರದ ಪರೀಕ್ಷೆಗೆ 18 ಲೆಕ್ಕ ಕೊಡುತ್ತಿದ್ದರು. ಅಂಕ ಹಾಕುವ ಕ್ರಮ ಮಾತ್ರ ಯಾವ ಶಾಲೆಯಲ್ಲೂ ಇಲ್ಲದ್ದು. ಸರಿಯಾದ ಲೆಕ್ಕಕ್ಕೆ ಎರಡು, ಸರಿಯಾಗಿದ್ದು ಹೆಚ್ಚು ಚುರುಕಾದ ದಾರಿಯಲ್ಲಿ ಬಿಡಿಸಿದ್ದರೆ ಮೂರು, ದಾರಿ ಸರಿಯಿದ್ದು ಕೂಡು ಕಳೆಯಲ್ಲಿ ಎಡವಿದ್ದರೆ ಒಂದು, ಉಳಿದದ್ದಕ್ಕೆ ಸೊನ್ನೆ. ಇದು ಒಟ್ಟು ಹೊಡೆತಗಳ ಬದಲು ಪ್ರತಿ ಕುಳಿಗೂ ಅಂಕ ಕೊಡುವ ಗಾಲ್ಫ್‌ನ ಸ್ಟೇಬಲ್‌ಫೋರ್ಡ್ ಪದ್ಧತಿ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಇಂಗ್ಲಿಷ್ ವೈದ್ಯರು ರೂಪಿಸಿದ ಈ ಕ್ರಮ 1932ರಲ್ಲಿ ಲಿವರ್‌ಪೂಲ್ ಸಮೀಪದ ವಾಲಸಿಯಲ್ಲಿ ಸ್ಪರ್ಧೆಗೆ ಬಂತು. ಹೊಡೆತಗಳನ್ನು ಒಟ್ಟು ಎಣಿಸುವ ಆಟದಲ್ಲಿ ಒಂದು ಕುಳಿಯಲ್ಲಿ ಹತ್ತು ಹೊಡೆದವನ ಇಡೀ ದಿನ ಮುಗಿದಂತೆಯೇ. ಸ್ಟೇಬಲ್‌ಫೋರ್ಡ್‌ನಲ್ಲಿ ಆ ಕುಳಿಗೆ ಸೊನ್ನೆ ಬರೆದು ಚೆಂಡನ್ನು ಜೇಬಿಗಿಟ್ಟು ಮುಂದಕ್ಕೆ ನಡೆದರಾಯಿತು. ಮೂರನೆಯ ಲೆಕ್ಕದಲ್ಲಿ ಸಿಕ್ಕಿಕೊಂಡು ಅಳುತ್ತ ಕೂತ ಮಗುವಿಗೆ ಮೇಷ್ಟ್ರು "ಚೆಂಡು ಜೇಬಿಗೆ" ಎನ್ನುತ್ತಿದ್ದರಂತೆ. ಜೀಪಿನವರು ಈಗಲೂ ಕೆಟ್ಟ ರಸ್ತೆಯಲ್ಲಿ ಗಾಡಿ ಹಿಂದಕ್ಕೆ ತಿರುಗಿಸುವಾಗ ಅದೇ ಮಾತು ಹೇಳಿಕೊಳ್ಳುತ್ತಾರೆ.

ಹ್ಯಾಂಡಿಕ್ಯಾಪ್ ಎಂಬುದು ಇನ್ನೂ ಸ್ವಾರಸ್ಯದ್ದು. ಗಾಲ್ಫ್‌ನಲ್ಲಿ ನುರಿತವನೂ ಹೊಸಬನೂ ಸಮಾನವಾಗಿ ಸೆಣಸಲು ದುರ್ಬಲ ಆಟಗಾರನಿಗೆ ಅವನ ಹಿಂದಿನ ಆಟದ ಆಧಾರದ ಮೇಲೆ ರಿಯಾಯಿತಿ ಕೊಡುತ್ತಾರೆ. ಮೇಷ್ಟ್ರು ಪ್ರತಿ ವಿದ್ಯಾರ್ಥಿಗೂ ಒಂದು ಹ್ಯಾಂಡಿಕ್ಯಾಪ್ ಬರೆದಿಟ್ಟಿದ್ದರು. ಸಾಮಾನ್ಯವಾಗಿ 12 ಅಂಕ ಪಡೆಯುವವನಿಗೆ 24 ಸೇರಿಸಿ 36. 30 ಪಡೆಯುವವಳಿಗೆ 6 ಸೇರಿಸಿ 36. ಹೀಗಾಗಿ ಆ ಶನಿವಾರ ತನ್ನ ಮಾಮೂಲಿಗಿಂತ ಚೆನ್ನಾಗಿ ಮಾಡಿದವರೇ ಗೆಲ್ಲುತ್ತಿದ್ದರು, ಅವರು ಕೊನೆಯ ಬೆಂಚಿನವರಾದರೂ ಸರಿ. ಮಕ್ಕಳು ಮೋಸದ ದಾರಿಯನ್ನು ಬೇಗ ಕಂಡುಹಿಡಿದರು. ಎರಡು ಮೂರು ವಾರ ಬೇಕೆಂದೇ ತಪ್ಪು ಮಾಡಿ ಹ್ಯಾಂಡಿಕ್ಯಾಪ್ ಏರಿಸಿಕೊಂಡು, ಆಮೇಲೆ ಒಂದೇ ಸಲ ಎದ್ದು ಬಹುಮಾನ ಹೊಡೆಯುವ ಯೋಜನೆ. ಜೀಪಿನವರೇ ಅದರ ಮುಂದಾಳು. ಆದರೆ ಮೇಷ್ಟ್ರು ಸರಾಸರಿ ತೆಗೆಯುತ್ತಿದ್ದುದು ಎಲ್ಲ ವಾರಗಳದ್ದಲ್ಲ, ಕೊನೆಯ ಆರು ವಾರಗಳಲ್ಲಿ ಅತ್ಯುತ್ತಮವಾದ ಎರಡರದ್ದು ಮಾತ್ರ. ಬೇಕೆಂದು ಕೆಡಿಸಿದ ಪರೀಕ್ಷೆಗಳು ಲೆಕ್ಕಕ್ಕೇ ಬರಲಿಲ್ಲ. 2020ರಿಂದ ಜಗತ್ತಿನಾದ್ಯಂತ ಜಾರಿಗೆ ಬಂದಿರುವ ಹ್ಯಾಂಡಿಕ್ಯಾಪ್ ವ್ಯವಸ್ಥೆಯೂ ಇದೇ ತತ್ವದ್ದು: ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಸರಾಸರಿ. ಆಟಗಾರನ ಶಕ್ತಿಯನ್ನು ಅಳೆಯಬೇಕೇ ಹೊರತು ಅವನ ಕೆಟ್ಟ ದಿನಗಳನ್ನಲ್ಲ ಎಂಬುದು ಅದರ ಹಿಂದಿನ ವಿಚಾರ. ಟ್ರಂಕಿನ ತಳದಲ್ಲಿ ಸಿಕ್ಕ ಹ್ಯಾಂಡಿಕ್ಯಾಪ್ ಪುಸ್ತಕಗಳಲ್ಲಿ ಜೀಪಿನವರ ಹೆಸರಿನ ಮುಂದೆ ಆ ವಾರಗಳಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆಯಿದೆ. ಅದನ್ನು ತೋರಿಸಿದಾಗ ಅವರು, "ಗೊತ್ತಿದ್ದೂ ಒಂದು ಮಾತು ಕೇಳಲಿಲ್ಲವಲ್ಲ ನಮ್ಮ ಮೇಷ್ಟ್ರು" ಎಂದು ಬಹಳ ಹೊತ್ತು ನಗುತ್ತಿದ್ದರು.

ವಾರ್ಷಿಕ ಪರೀಕ್ಷೆಯ ಹಿಂದಿನ ದಿನ ಮೇಷ್ಟ್ರು ತಪ್ಪದೆ ಹೇಳುತ್ತಿದ್ದ ಕಥೆ ಎಲ್ಲರಿಗೂ ನೆನಪಿತ್ತು, ಹೆಸರುಗಳು ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದಾಗಿದ್ದವು. ಅದು 1968ರ ಮಾಸ್ಟರ್ಸ್ ಪಂದ್ಯಾವಳಿಯ ಸಂಗತಿ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಕೊನೆಯ ದಿನ ಅದ್ಭುತವಾಗಿ ಆಡಿದರು. ಹದಿನೇಳನೆಯ ಕುಳಿಯಲ್ಲಿ ಅವರು ಹೊಡೆದದ್ದು ಮೂರು. ಮಾರ್ಕರ್ ಆಗಿದ್ದ ಟಾಮಿ ಏರನ್ ಬರೆದದ್ದು ನಾಲ್ಕು. ಡಿ ವಿಸೆಂಜೊ ಸರಿಯಾಗಿ ನೋಡದೆ ಸಹಿ ಹಾಕಿದರು. ಹೆಚ್ಚಿನ ಸಂಖ್ಯೆಯೇ ಖಾಯಂ ಎಂಬ ನಿಯಮದಂತೆ 65 ಆಗಬೇಕಾದದ್ದು 66 ಆಯಿತು, ಬಾಬ್ ಗೋಲ್ಬಿಯೊಂದಿಗೆ ಪ್ಲೇಆಫ್ ಆಡುವ ಅವಕಾಶ ಒಂದೇ ಹೊಡೆತದಿಂದ ತಪ್ಪಿತು. ಆ ದಿನ ಡಿ ವಿಸೆಂಜೊ ಅವರ ಹುಟ್ಟುಹಬ್ಬವೂ ಆಗಿತ್ತು. ಇಷ್ಟು ಹೇಳಿ ಮೇಷ್ಟ್ರು, ಉತ್ತರಪತ್ರಿಕೆ ಕೊಡುವ ಮೊದಲು ಮತ್ತೊಮ್ಮೆ ಓದಿ ಎಂದು ಕೂಡ ಹೇಳುತ್ತಿರಲಿಲ್ಲವಂತೆ. ಕಥೆ ಮುಗಿಸಿ ಪುಸ್ತಕ ಮುಚ್ಚಿ ಹೊರಟುಬಿಡುತ್ತಿದ್ದರು. ಪುಸ್ತಿಕೆಯಲ್ಲಿ ಹೆಸರುಗಳನ್ನು ಸರಿಪಡಿಸಿ ಹಾಕಿದೆ. ಒಬ್ಬ ಶಿಷ್ಯರಿಗೆ ಇದು ಇಷ್ಟವಾಗಲಿಲ್ಲ, ಅವರ ನೆನಪಿನಲ್ಲಿ ಆ ಆಟಗಾರ ಸ್ಪೇನಿನವನಾಗಿದ್ದ.

ಆಗಸ್ಟ್ 2018ರ ಭೂಕುಸಿತದ ದಿನಗಳ ಬಗ್ಗೆ ಬರೆಯುವುದು ಕಷ್ಟವಾಯಿತು. ಮಡಿಕೇರಿ ಸುತ್ತಮುತ್ತಲ ಊರುಗಳ ಜನ ಮನೆ ಮಠ ಕಳೆದುಕೊಂಡು ಪರಿಹಾರ ಕೇಂದ್ರಗಳಲ್ಲಿದ್ದಾಗ ಮೇಷ್ಟ್ರು ಅಂಥ ಒಂದು ಕೇಂದ್ರಕ್ಕೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು ಎಂಬುದು ನಮಗೆ ಗೊತ್ತಿತ್ತು. ವಿವರಗಳು ಸಿಗಲಿಲ್ಲ. ಆ ಮಕ್ಕಳು ಈಗ ಎಲ್ಲೆಲ್ಲೋ ಇದ್ದಾರೆ, ಹುಡುಕಿ ಆ ದಿನಗಳ ಮಾತು ಕೇಳಲು ಮನಸ್ಸೂ ಬರಲಿಲ್ಲ. ಆ ವರ್ಷ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಂದೇ ಒಂದು ಕಾರ್ಡೂ ಇಲ್ಲ. ಪುಸ್ತಿಕೆಯಲ್ಲಿ ಇಷ್ಟನ್ನೇ ಎರಡು ಸಾಲಿನಲ್ಲಿ ಬರೆದು ಮುಂದೆ ಹೋದೆ.

ಇಷ್ಟರಲ್ಲಿ ಕ್ಲಬ್‌ಗಳ ಪ್ರಶ್ನೆ ಎದ್ದಿತು. ಗೋಡೆಗೆ ಒರಗಿಸಿಟ್ಟರೆ ಮುಂದಿನ ಮಳೆಗಾಲಕ್ಕೆ ತುಕ್ಕು ಹಿಡಿಯುವುದಷ್ಟೇ. ಯಾರಾದರೂ ಆಡಲಿ ಎಂದರು ಅತ್ತೆ. ಕ್ಯಾಡಿಯವರ ಮೊಮ್ಮಗಳು, ಎಂಟನೆಯ ತರಗತಿಯ ಹುಡುಗಿ, ಶಾಲೆಯಲ್ಲಿ ಹಾಕಿ ಆಡುತ್ತಾಳೆ. ಮೇಷ್ಟ್ರು ತಮ್ಮ ಕೊನೆಯ ವರ್ಷಗಳಲ್ಲಿ ಅವಳಿಗೆ ಒಂದಷ್ಟು ಕಲಿಸಿದ್ದರು. ಹಾಕಿಯವರಿಗೆ ಗಾಲ್ಫ್ ಕಲಿಸುವುದು ಸುಲಭವೆಂದು ಹೊರಗಿನವರು ತಿಳಿಯುತ್ತಾರೆ. ಓಡುವ ಚೆಂಡನ್ನು, ಕೋಲನ್ನು ಸ್ವಲ್ಪವೇ ಹಿಂದಕ್ಕೆತ್ತಿ ಥಟ್ಟನೆ ಹೊಡೆದು ರೂಢಿಯಾದ ಕೈಗಳಿಗೆ, ನಿಂತ ಚೆಂಡಿನ ಮುಂದೆ ನಿಧಾನವಾಗಿ ಪೂರ್ತಿ ಮೇಲೆತ್ತಿ ಇಳಿಸುವುದು ಬಹಳ ತೊಡಕಿನ ಕೆಲಸ. "ನಿಂತ ಚೆಂಡಿಗೆ ನಿನ್ನ ಅವಸರ ಗೊತ್ತಿಲ್ಲ" ಎನ್ನುತ್ತಿದ್ದರಂತೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 112 ವರ್ಷಗಳ ನಂತರ ಗಾಲ್ಫ್ ಮರಳಿದಾಗ ಬೆಂಗಳೂರಿನ ಅದಿತಿ ಅಶೋಕ್ 18ರ ವಯಸ್ಸಿಗೇ ಅಲ್ಲಿದ್ದುದನ್ನೂ, 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದುದನ್ನೂ ಹೇಳಿ ಈ ಹುಡುಗಿಯ ಕಿವಿ ತುಂಬಿಸಿದ್ದರು. ಅವಳ ತಾತನಿಗೆ ಹೇಳುತ್ತಿದ್ದುದು ಬೇರೆ ಕಥೆ: 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿ ಆಟಕ್ಕೆ ಬಂದವರು.

ಕ್ಲಬ್‌ಗಳ ಹಿಡಿಕೆಯ ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೊಸ ಹಿಡಿಕೆಗಳನ್ನು ಬೆಂಗಳೂರಿನಿಂದ ತರಿಸಿ, ಕೆಲಸವನ್ನು ನಾವೇ ಮಾಡಿದೆವು. ಕೊಕ್ಕೆಯಂಥ ಬ್ಲೇಡಿನಿಂದ ಹಳೆಯದನ್ನು ಉದ್ದಕ್ಕೆ ಸೀಳಿ ತೆಗೆಯಬೇಕು. ಬ್ಲೇಡು ನಮ್ಮ ಕಡೆಗಲ್ಲ, ಆಚೆಗೆ ಸರಿಯಬೇಕು. ಒಳಗಿನ ಹಳೆಯ ಅಂಟನ್ನು ಕೆರೆದು, ಪೇಂಟ್ ಅಂಗಡಿಯ ಟರ್ಪೆಂಟೈನಿನಲ್ಲಿ ಒರೆಸಿ, ಎರಡೂ ಬದಿ ಅಂಟುವ ಟೇಪ್ ಸುತ್ತಿ, ಟೇಪಿನ ಮೇಲೂ ಹೊಸ ಹಿಡಿಕೆಯ ಒಳಗೂ ಟರ್ಪೆಂಟೈನ್ ಸುರಿದು ಒಂದೇ ಉಸಿರಿಗೆ ನೂಕಿಬಿಡಬೇಕು. ಅರ್ಧದಲ್ಲಿ ನಿಂತರೆ ಮುಂದೆಯೂ ಹೋಗದು, ಹಿಂದೆಯೂ ಬಾರದು. ಹಾಕಿದ ಮೇಲೆ ಗೆರೆಗಳು ನೇರವಾಗಿವೆಯೇ ಎಂದು ನೋಡಿ ತಿರುಗಿಸಲು ಸಿಗುವುದು ಕೆಲವೇ ನಿಮಿಷ; ಆಮೇಲೆ ರಾತ್ರಿಯಿಡೀ ಬಿಡಬೇಕು. ಹಳೆಯ ಮರದ ತಲೆಯ, ಡ್ರೈವರ್ ಎಂಬ ಕ್ಲಬ್ ಮಾತ್ರ ತೇವ ಕುಡಿದು ಉಬ್ಬಿ ಬಿರುಕು ಬಿಟ್ಟಿದ್ದರಿಂದ ಅದನ್ನು ಹಾಗೆಯೇ ಇಟ್ಟುಕೊಂಡೆವು. ಚೀಲದಲ್ಲಿ ಐದನೆಯ ನಂಬರಿನ ಐರನ್, ಅಂದರೆ ಲೋಹದ ತಲೆಯ ಕ್ಲಬ್, ಕಾಣಲಿಲ್ಲ. ಕ್ಯಾಡಿಯೂ ಅದರ ಬಗ್ಗೆ ಬಾಯಿ ಬಿಡಲಿಲ್ಲ.

ಅದರ ಉತ್ತರ ಸಿಕ್ಕಿದ್ದು ಕರಡನ್ನು ಅತ್ತೆಯ ಮುಂದೆ ಓದಿದಾಗ. ನಾನು ಓದುತ್ತ ಹೋದೆ, ಅವರು ಕಾಳುಮೆಣಸು ಆರಿಸುತ್ತ ಕೇಳಿದರು. ಹಳೆಯ ಸಹೋದ್ಯೋಗಿಯೊಬ್ಬರ ಪತ್ರದಲ್ಲಿದ್ದ "ಅವರು ಎಂದೂ ಕೋಪಿಸಿಕೊಂಡವರಲ್ಲ" ಎಂಬ ಸಾಲು ಬಂದಾಗ ಕೈ ನಿಂತಿತು. "ಹಾಗಾದರೆ ಐದನೇ ನಂಬರ್ ಕೆರೆಗೆ ಹೇಗೆ ಹೋಯಿತಂತೆ?" ಎಂದರು. ಮೂರು ಸಲ ನೀರಿಗೇ ಹೊಡೆದ ಮೇಲೆ ನಾಲ್ಕನೆಯದಾಗಿ ಕ್ಲಬ್ಬನ್ನೇ ಎಸೆದು ಮನೆಗೆ ಬಂದಿದ್ದರಂತೆ. ವಾರವಿಡೀ ಮೈದಾನದ ಕಡೆ ತಲೆ ಹಾಕಿರಲಿಲ್ಲವಂತೆ. ನಾನು ಪತ್ರದ ಸಾಲನ್ನು ತೆಗೆಯಲಿಲ್ಲ. ಅದರ ಕೆಳಗೆ ಅತ್ತೆಯ ಮಾತನ್ನು ಸೇರಿಸಿದೆ. ಆ ಸಹೋದ್ಯೋಗಿ ಅದನ್ನು ಸಂತೋಷದಿಂದಲೇ ಒಪ್ಪಿಕೊಂಡರು. ಅತ್ತೆ ತೆಗೆಸಿದ್ದು ಬೇರೆಯದನ್ನು: ಆಸ್ಪತ್ರೆಯ ದಿನಗಳ ಬಗ್ಗೆ ನಾನು ಬರೆದಿದ್ದ ಪುಟವನ್ನು. "ಅದು ಅವರದ್ದಲ್ಲ, ಕಾಯಿಲೆಯದ್ದು" ಎಂದರು.

ಮುದ್ರಣದ ಹಂತದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಇಂಥ ಕೆಲಸಕ್ಕೆ ಹೊರಡುವವರಿಗೆ ಉಪಯೋಗವಾಗುವ ಎರಡು ಸಂಗತಿಗಳ ಹೊರತು. ಪೆನ್ಸಿಲಿನ ಬರಹವನ್ನು ಬರಿಯ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಅರ್ಧ ಅಂಕಿಗಳು ಮಾಯವಾಗುತ್ತವೆ. ಬೂದು ಛಾಯೆಯಲ್ಲಿ 300 ಡಿಪಿಐಗೆ ಸ್ಕ್ಯಾನ್ ಮಾಡಿ ಆಮೇಲೆ ಗಾಢ ಮಾಡಿಕೊಳ್ಳಬೇಕು. ಇನ್ನು, ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಮುದ್ರಣಾಲಯದವರು ನುಡಿ ಎಂಬ ತಂತ್ರಾಂಶದ ಅಕ್ಷರಗಳಿಗೆ ಪರಿವರ್ತಿಸಿದಾಗ ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ಪಲ್ಲಟವಾಗುತ್ತವೆ; ಪರಿವರ್ತನೆಯಾದ ಪ್ರತಿಯನ್ನೇ ಮತ್ತೊಮ್ಮೆ ಸಾಲು ಸಾಲಾಗಿ ಓದಬೇಕು. ಓದಿದೆವು, ಕೊನೆಯ ಪ್ರೂಫಿಗೆ ನಾನೂ ಅತ್ತೆಯೂ ಸಹಿ ಹಾಕಿ ಕೊಟ್ಟೆವು.

ಸಭೆ ಏಪ್ರಿಲ್‌ನ ಒಂದು ಭಾನುವಾರ ನಡೆಯಿತು. ಭಾಷಣಗಳು ಕಡಿಮೆ, ಊಟ ಚೆನ್ನಾಗಿತ್ತು. ಕ್ಲಬ್‌ಗಳನ್ನು ವೇದಿಕೆಯ ಮೇಲೆ ಕೊಡುವುದು ಬೇಡವೆಂದು ಅತ್ತೆ ಮೊದಲೇ ಹೇಳಿದ್ದರಿಂದ ಹುಡುಗಿ ಹಿಂದಿನ ದಿನವೇ ಬಂದು ಚೀಲ ಒಯ್ದಿದ್ದಳು. ಸ್ಕೋರ್ ಕಾರ್ಡುಗಳನ್ನು ಈಗ ಟ್ರಂಕಿನಿಂದ ಬಿಡಿಸಿ, ಗಾಳಿಯಾಡುವ ಕಪಾಟಿನ ಮೇಲಿನ ಅರೆಯಲ್ಲಿಟ್ಟಿದ್ದೇವೆ. ಪುಸ್ತಿಕೆಯ ಕೆಲವು ಪ್ರತಿಗಳು ಉಳಿದಿವೆ. ಸಭೆಗೆ ಬರಲಾಗದ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಕೇಳಿಕೊಂಡು ಮನೆಗೆ ಬರುತ್ತಾರೆ. ಅತ್ತೆ ಮೊದಲು ಯಾವ ವರ್ಷದ ಬ್ಯಾಚ್ ಎಂದು ವಿಚಾರಿಸಿ, ಹ್ಯಾಂಡಿಕ್ಯಾಪ್ ಪುಸ್ತಕ ತೆಗೆದು, ಅವರ ಆಗಿನ ಅಂಕಗಳನ್ನು ಜೊತೆಯಲ್ಲಿ ಬಂದ ಮಕ್ಕಳಿಗೆ ಕೇಳಿಸುವಂತೆ ಓದಿ ಹೇಳಿ, ಆಮೇಲೆ ಪುಸ್ತಿಕೆ ಕೊಡುತ್ತಾರೆ.